ಗೋಧಿ ಬಿಡುವ ಮೊದಲು ಟೆಸ್ಟ್, ಬಿಟ್ಟ ಮೇಲೆ ಕಡಂಬುಟ್ಟು

"ಗೋಧಿ ಬಿಟ್ಬಿಡಿ, ಎಲ್ಲಾ ಸರಿಹೋಗುತ್ತೆ." ಈ ಮಾತನ್ನು ನಿಮಗೂ ಯಾರಾದರೂ ಹೇಳಿರಬೇಕು. ನಮ್ಮ ಅಕ್ಕನಿಗೂ ಹೇಳಿದರು.

ಅಕ್ಕನ ಮಗಳಿಗೆ ಆಗ 8 ವರ್ಷ. ಮನೆ ಕೊಡಗಿನ ಪೊನ್ನಂಪೇಟೆ ಹತ್ತಿರ. ಹುಡುಗಿಯ ಎತ್ತರ ಒಂದು ವರ್ಷದಿಂದ ನಿಂತೇ ಹೋಗಿತ್ತು. ರಕ್ತ ಕಮ್ಮಿ ಅಂತ ಕಬ್ಬಿಣದ ಸಿರಪ್ ಬಾಟಲಿ ಮೇಲೆ ಬಾಟಲಿ ಕುಡಿಸಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಸಂಜೆಯಾದರೆ ಹೊಟ್ಟೆ ಉಬ್ಬಿಕೊಂಡು ಸುಮ್ಮನೆ ಮಲಗಿಬಿಡುತ್ತಿದ್ದಳು. ನೆಂಟರ ಮಾತು ಕೇಳಿ ಅಕ್ಕ 4 ತಿಂಗಳು ಗೋಧಿ ಬಿಡಿಸಿದಳು. ಮಗು ಚೇತರಿಸಿಕೊಂಡಿತು. ಸರಿ, ಈಗ ಒಂದು ಟೆಸ್ಟ್ ಮಾಡಿಸೋಣ ಅಂತ ಹೋದರೆ ರಿಪೋರ್ಟ್ ನಾರ್ಮಲ್. "ಏನೂ ಇಲ್ಲ, ಎಲ್ಲ ತಿನ್ನಿಸಿ" ಅಂದರು. ಮತ್ತೆ ಬ್ರೆಡ್ಡು, ಚಪಾತಿ, ಬಿಸ್ಕತ್ತು ಶುರುವಾಯಿತು. ಮತ್ತೆ ಅದೇ ಸುಸ್ತು. ಹೀಗೇ ಒಂದು ವರ್ಷ ಹೋಯಿತು. ಕೊನೆಗೆ ಮೈಸೂರಿನಲ್ಲಿ ತೋರಿಸಿದಾಗ ಅಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಆ ಟೆಸ್ಟ್ ಮಾಡಿಸುವಾಗ ಮಗು ಗೋಧಿ ತಿನ್ನುತ್ತಿತ್ತಾ?"

ಆ ಒಂದು ಪ್ರಶ್ನೆ ನಮಗೆ ಮೊದಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗ್ಲುಟನ್ ಅಂದರೆ ಏನು, ಯಾರಿಗೆ ಆಗುವುದಿಲ್ಲ

ಚಪಾತಿ ಹಿಟ್ಟು ನಾದಿದಾಗ ರಬ್ಬರಿನ ಹಾಗೆ ಎಳೆಯುತ್ತದಲ್ಲ, ಆ ಎಳೆತ ಕೊಡುವ ಪ್ರೋಟೀನೇ ಗ್ಲುಟನ್. ಗೋಧಿಯಲ್ಲಿ ಇದೆ, ಬಾರ್ಲಿಯಲ್ಲಿ ಇದೆ, ನಮ್ಮ ಕಡೆ ಅಷ್ಟಾಗಿ ಸಿಗದ ರೈ ಅನ್ನುವ ಧಾನ್ಯದಲ್ಲೂ ಇದೆ. ಅಕ್ಕಿಯಲ್ಲಿ ಇಲ್ಲ. ಅಕ್ಕಿ ಹಿಟ್ಟಿಗೆ ಆ ಎಳೆತ ಇಲ್ಲದ ಕಾರಣಕ್ಕೇ ಅಕ್ಕಿ ರೊಟ್ಟಿಗೆ ಅನ್ನ ಹಿಸುಕಿ ಸೇರಿಸಿ ನಾದುವುದು. ಮೈದಾ, ಚಿರೋಟಿ ರವೆ, ಬನ್ಸಿ ರವೆ, ಅಂಗಡಿಯ ಶ್ಯಾವಿಗೆ ಎಲ್ಲ ಗೋಧಿಯ ಮಕ್ಕಳೇ. "ಹಳೇ ಕಾಲದ ತಳಿ, ಏನೂ ಆಗಲ್ಲ" ಅಂತ ಮಾರುವ ಖಪ್ಲಿ ಗೋಧಿಯಲ್ಲೂ ಗ್ಲುಟನ್ ಇದೆ.

ಗೋಧಿಯಿಂದ ಆಗುವ ತೊಂದರೆ ಮೂರು ಬಗೆ, ಮೂರನ್ನೂ ಒಂದೇ ಅಂದುಕೊಂಡರೆ ಕೆಲಸ ಕೆಡುತ್ತದೆ. ಮೊದಲನೆಯದು ಸೀಲಿಯಾಕ್ ಕಾಯಿಲೆ. ಇದು ಅಲರ್ಜಿ ಅಲ್ಲ. ಗ್ಲುಟನ್ ಹೊಟ್ಟೆಗೆ ಹೋದಾಗ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೆ ಬೆರಳಿನ ಹಾಗೆ ಎದ್ದಿರುವ ಸಣ್ಣ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಊಟದ ಸತ್ವ ಹೀರಿಕೊಳ್ಳುವುದು ಆ ಎಳೆಗಳೇ, ಹಾಗಾಗಿ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಎರಡನೆಯದು ಗೋಧಿ ಅಲರ್ಜಿ, ತಿಂದ ಸ್ವಲ್ಪ ಹೊತ್ತಿನಲ್ಲೇ ತುರಿಕೆ, ಊತ, ಕೆಲವರಿಗೆ ಉಸಿರು ಕಟ್ಟುವಷ್ಟು. ಮೂರನೆಯದರಲ್ಲಿ ಟೆಸ್ಟ್ ಎಲ್ಲ ನಾರ್ಮಲ್, ಆದರೂ ಗೋಧಿ ತಿಂದರೆ ಹೊಟ್ಟೆ ಕೆಡುತ್ತದೆ. ಇವರಲ್ಲಿ ಕೆಲವರಿಗೆ ತೊಂದರೆ ಕೊಡುವುದು ಗ್ಲುಟನ್ ಅಲ್ಲವೇ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಅನ್ನುವ ಸಕ್ಕರೆಯ ಸರಪಳಿ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇದೆ.

ಗೋಧಿಗೂ ಸೀಲಿಯಾಕ್‌ಗೂ ಇರುವ ನಂಟು ಪತ್ತೆಯಾದದ್ದು ಹಾಲೆಂಡಿನಲ್ಲಿ. ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿದಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ವಾಪಸ್ ಬಂದ ಮೇಲೆ ಮತ್ತೆ ಮಲಗಿದರು.

ನಮ್ಮ ದೇಶದಲ್ಲಿ ಚಪಾತಿ ತಿನ್ನುವ ಉತ್ತರದ ರಾಜ್ಯಗಳಲ್ಲಿ ಸೀಲಿಯಾಕ್ ಜಾಸ್ತಿ, ದಕ್ಷಿಣದಲ್ಲಿ ತೀರಾ ಕಮ್ಮಿ. ಕಮ್ಮಿ ಇರುವುದರಿಂದಲೇ ಇಲ್ಲಿ ಯಾರಿಗೂ ಬೇಗ ಅನುಮಾನ ಬರುವುದಿಲ್ಲ.

ಮೊದಲ ಹೆಜ್ಜೆ: ಗೋಧಿ ತಿನ್ನುತ್ತಲೇ ಟೆಸ್ಟ್ ಮಾಡಿಸಿ

ಅನುಮಾನ ಬರಬೇಕಾದ ಸಂದರ್ಭಗಳು ಇವು. ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತಹೀನತೆ, ಮಗುವಿನ ಎತ್ತರ ತೂಕ ನಿಂತುಹೋಗುವುದು, ವಾರಗಟ್ಟಲೆ ಭೇದಿ ಅಥವಾ ಉಬ್ಬರ, ಪದೇ ಪದೇ ಬಾಯಿಹುಣ್ಣು, ಮೊಣಕೈ ಮೊಣಕಾಲಿನ ಮೇಲೆ ವಿಪರೀತ ತುರಿಸುವ ಗುಳ್ಳೆ, ಚಿಕ್ಕ ವಯಸ್ಸಿಗೇ ಮೂಳೆ ಸವೆತ. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ಇದು ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ.

ಮೊದಲು ಒಂದು ರಕ್ತ ಪರೀಕ್ಷೆ. ಹೆಸರು ಟಿಟಿಜಿ ಐಜಿಎ. ಐಜಿಎ ಅಂದರೆ ದೇಹ ತನ್ನ ರಕ್ಷಣೆಗೆ ಮಾಡಿಕೊಳ್ಳುವ ಒಂದು ಪ್ರೋಟೀನ್. ಇದರ ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಿಸಿ, ಕೆಲವರ ಮೈಯಲ್ಲಿ ಐಜಿಎ ಹುಟ್ಟಿನಿಂದಲೇ ಕಮ್ಮಿ ಇರುತ್ತದೆ, ಅಂಥವರಿಗೆ ಕಾಯಿಲೆ ಇದ್ದರೂ ಮೊದಲ ಟೆಸ್ಟ್ ನಾರ್ಮಲ್ ಅಂತಲೇ ಬರುತ್ತದೆ. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಸಣ್ಣ ಕೊಳವೆ ಇಳಿಸಿ, ಸಣ್ಣ ಕರುಳಿನಿಂದ ಚೂರು ತೆಗೆದು ನೋಡುತ್ತಾರೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮೊದಲು ತೋರಿಸಿ ವಿಚಾರಿಸಿ, ಅಲ್ಲಿಂದ ಮುಂದೆ ಬೇಕಾದರೆ ಮೈಸೂರು ಅಥವಾ ಮಂಗಳೂರು.

ಮುಖ್ಯವಾದ ಮಾತು: ಈ ಎರಡೂ ಟೆಸ್ಟ್ ಸರಿಯಾಗಿ ಹೇಳುವುದು ನೀವು ಗೋಧಿ ತಿನ್ನುತ್ತಿದ್ದರೆ ಮಾತ್ರ. ಗೋಧಿ ಬಿಟ್ಟರೆ ಕರುಳು ವಾಸಿಯಾಗತೊಡಗುತ್ತದೆ, ರಕ್ತದಲ್ಲಿನ ಗುರುತೂ ಇಳಿಯುತ್ತದೆ, ರಿಪೋರ್ಟ್ ಸುಳ್ಳು ಹೇಳುತ್ತದೆ. ನಮಗಾದದ್ದು ಇದೇ. ಟೆಸ್ಟಿಗೆ ಮುಂಚೆ ಕಮ್ಮಿ ಅಂದರೆ 6 ವಾರ ದಿನಾ ಗೋಧಿ ತಿಂದಿರಬೇಕು. ಈಗಾಗಲೇ ಬಿಟ್ಟಿದ್ದರೆ ನೀವಾಗಿಯೇ ಮತ್ತೆ ಶುರು ಮಾಡಬೇಡಿ, ಡಾಕ್ಟರ ಹತ್ತಿರ ಕೇಳಿಯೇ ಮಾಡಿ. ಮತ್ತೆ ತಿನ್ನಲು ಆಗುವುದೇ ಇಲ್ಲ ಅನ್ನುವವರಿಗೆ ಜೀನ್ ಪರೀಕ್ಷೆ ಒಂದಿದೆ. ಅದಕ್ಕೆ ಊಟದ ಹಂಗಿಲ್ಲ. ಅದು ನೆಗೆಟಿವ್ ಬಂದರೆ ಸೀಲಿಯಾಕ್ ಅಲ್ಲ ಅಂತ ಹೆಚ್ಚುಕಮ್ಮಿ ಖಚಿತ. ಆದರೆ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತ ಅರ್ಥ ಅಲ್ಲ, ಆ ಜೀನ್ ಇದ್ದೂ ಆರಾಮಾಗಿರುವವರು ಬೇಕಾದಷ್ಟು ಜನ.

ಇಷ್ಟೆಲ್ಲ ಯಾಕೆ, ಬಿಟ್ಟರೆ ಆಯ್ತಲ್ಲ ಅನ್ನಬಹುದು. ಸೀಲಿಯಾಕ್ ಆದರೆ ಜೀವನಪೂರ್ತಿ ಒಂದು ಚೂರೂ ತಿನ್ನುವಂತಿಲ್ಲ, ಮನೆಯವರೂ ಟೆಸ್ಟ್ ಮಾಡಿಸಬೇಕು, ಮೂಳೆ ನೋಡಿಸಬೇಕು. ಬರೀ ಹೊಟ್ಟೆ ಉಬ್ಬರ ಆದರೆ ಅಷ್ಟು ಕಷ್ಟಪಡುವುದೇ ಬೇಡ. ಎರಡರ ದಾರಿ ಪೂರ್ತಿ ಬೇರೆ.

ಎರಡನೆಯದು: ಅಂಗಡಿಗೆ ಓಡಬೇಡಿ, ಅಡುಗೆಮನೆ ನೋಡಿ

ಕಾಯಿಲೆ ಖಚಿತವಾದ ದಿನ ಅಕ್ಕ ಆನ್‌ಲೈನಿನಲ್ಲಿ ಗ್ಲುಟನ್ ಫ್ರೀ ಬ್ರೆಡ್ಡು, ಪಾಸ್ತಾ, ಕುಕ್ಕೀಸ್ ಅಂತ ಒಂದು ರಾಶಿ ತರಿಸಿದಳು. ಬೆಲೆ ವಿಪರೀತ. ಆ ಬ್ರೆಡ್ಡಿನಲ್ಲಿ ಇದ್ದದ್ದು ಸ್ಟಾರ್ಚ್, ಎಣ್ಣೆ, ಸಕ್ಕರೆ. ನಾರು ಹೆಸರಿಗೆ ಮಾತ್ರ. ಇಂಥ ಪ್ಯಾಕೆಟ್ ತಿಂಡಿಯಲ್ಲಿ ಸಾಮಾನ್ಯವಾಗಿ ಕಬ್ಬಿಣ, ಫೋಲಿಕ್ ಆಸಿಡ್, ಬಿ ವಿಟಮಿನ್‌ಗಳೂ ಕಮ್ಮಿಯೇ.

ಕೊಡಗಿನವರಿಗೆ ಇದರ ಅಗತ್ಯ ಏನಿದೆ ಹೇಳಿ? ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ ಎಲ್ಲ ಅಕ್ಕಿಯದೇ. ಹಲಸಿನ ಹಣ್ಣಿನ ಕೂವಲೆ ಪುಟ್ಟು, ಸುಗ್ಗಿ ಹಬ್ಬ ಪುತ್ತರಿಯ ತಂಬುಟ್ಟು, ಕಕ್ಕಡ ತಿಂಗಳ 18ನೇ ದಿನದ ಮದ್ದುಪುಟ್ಟು ಕೂಡ ಹಾಗೇ. ಪಂದಿ ಕರಿಗೆ ಮೆಣಸು, ಕೊತ್ತಂಬರಿ, ಜೀರಿಗೆ ಮನೆಯಲ್ಲೇ ಹುರಿದು ಪುಡಿ ಮಾಡಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಹಾಕಿದರೆ ಅದರಲ್ಲಿ ಗ್ಲುಟನ್ ಬರಲು ಜಾಗವೇ ಇಲ್ಲ. ಕುಂಬಳಕಾಯಿ ಪಲ್ಯ, ಬೈಂಬಳೆ (ಕಳಲೆ) ಕರಿ, ಅಣಬೆ, ಎಳ್ಳು ಪಜ್ಜಿ, ಮೊಟ್ಟೆ, ಮೀನು ಯಾವುದಕ್ಕೂ ತಡೆ ಇಲ್ಲ. ಕಾಫಿಯಲ್ಲೂ ಚಿಕೋರಿಯಲ್ಲೂ ಗ್ಲುಟನ್ ಇಲ್ಲ.

ಬದಲಾಗಬೇಕಾದದ್ದು ಬೆಳಗಿನ ಉಪ್ಪಿಟ್ಟು, ರಾತ್ರಿಯ ಚಪಾತಿ, ಬೇಕರಿ ಪೊಟ್ಟಣ. ಉಪ್ಪಿಟ್ಟನ್ನು ಅಕ್ಕಿ ತರಿಯಲ್ಲಿ ಮಾಡಿ. ಚಪಾತಿ ಜಾಗಕ್ಕೆ ರಾಗಿ ರೊಟ್ಟಿ ಅಥವಾ ಜೋಳದ ರೊಟ್ಟಿ.

ಮೂರನೆಯದು: ಅಡಗಿ ಕೂತಿರುವುದನ್ನು ಹುಡುಕಿ

ಇದು ನಿಜಕ್ಕೂ ಕಷ್ಟದ ಭಾಗ. ಒಂದು ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟನ್ ಇರುತ್ತದೆ. ದಿನಾ 50 ಮಿಲಿಗ್ರಾಂ ಒಳಗೆ ಹೋದರೂ ಸೀಲಿಯಾಕ್ ಇರುವವರ ಕರುಳಿಗೆ ಪೆಟ್ಟು ಬೀಳಬಹುದು. ಅಂದರೆ ಚಪಾತಿಯನ್ನು 60 ಚೂರು ಮಾಡಿ, ಅದರಲ್ಲಿ ಒಂದು ಚೂರು. ಹಾಗಾಗಿ "ಸ್ವಲ್ಪ ತಿಂದರೆ ಏನಾಗುತ್ತೆ" ಅನ್ನುವ ಅತ್ತೆ, ಚಿಕ್ಕಮ್ಮನಿಗೆ ಈ ಲೆಕ್ಕ ಹೇಳಿ.

ಹಿಂಗು: ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಹಿಂಗಿಗೆ ತುಂಬಾ ಕಡೆ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಅದನ್ನು ತನ್ನಿ.

ಸೋಯಾ ಸಾಸ್: ಸಾಮಾನ್ಯವಾಗಿ ಇದರಲ್ಲಿ ಗೋಧಿ ಇರುತ್ತದೆ. ಮನೆಯ ಪಂದಿ ಕರಿ ಸರಿ, ಆದರೆ ಹೋಟೆಲಿನ ಚಿಲ್ಲಿ ಪೋರ್ಕ್, ಗೋಬಿ ಮಂಚೂರಿ ಬೇಡ. ರವೆ, ಮೈದಾ ಇರುವ ಮೀನಿನ ರವಾ ಫ್ರೈ, ಗೋಳಿಬಜೆ, ಮದ್ದೂರು ವಡೆ, ಪರೋಟ ಕೂಡ ಬೇಡ.

ಮಾಲ್ಟ್ ಇರುವ ಕುಡಿಯುವ ಪುಡಿ: ಹಾರ್ಲಿಕ್ಸ್ ಥರದ್ದರಲ್ಲಿ ಗೋಧಿ, ಬಾರ್ಲಿ ಎರಡೂ ಇವೆ. ಮಗು ಸೊರಗಿದೆ ಅಂತ ಅಕ್ಕ ದಿನಾ ಎರಡು ಲೋಟ ಇದನ್ನೇ ಕೊಡುತ್ತಿದ್ದಳು, ನೆನೆಸಿಕೊಂಡರೆ ಈಗಲೂ ಅವಳಿಗೆ ಸಂಕಟ. ರಾಗಿ ಮಾಲ್ಟ್ ಅಂತ ಬರೆದಿದ್ದರೂ ಹಿಂಬದಿ ಓದಿ, ಗೋಧಿ ಬೆರೆಸಿದ್ದೂ ಉಂಟು. ಕಾಲು ಊದಿದಾಗ, ಉರಿಮೂತ್ರಕ್ಕೆ ಕೊಡುವ ಬಾರ್ಲಿ ನೀರೂ ಬೇಡ.

ಮನೆ ವೈನ್: ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ದ್ರಾಕ್ಷಿ, ನೆಲ್ಲಿಕಾಯಿ ವೈನಿಗೆ ಹುದುಗು ಚೆನ್ನಾಗಿ ಬರಲಿ ಅಂತ ಒಂದು ಹಿಡಿ ಗೋಧಿ ಹಾಕುತ್ತಾರೆ. ಕೇಳದೆ ಕುಡಿಯಬೇಡಿ. ಬಿಯರ್ ಬಾರ್ಲಿಯದು, ಬೇಡವೇ ಬೇಡ. ರಮ್, ಬ್ರಾಂದಿಯಿಂದ ಗ್ಲುಟನ್ ಮಟ್ಟಿಗೆ ತೊಂದರೆ ಇಲ್ಲ.

ಕುಶಾಲನಗರದಿಂದ ಬೈಲಕುಪ್ಪೆಗೆ ಹೋದಾಗ ಮೊಮೊ, ತುಕ್ಪಾ ಎರಡೂ ಗೋಧಿಯವು. ಟಿಬೆಟಿನವರ ತ್ಸಂಪಾ ಹುರಿದ ಬಾರ್ಲಿಯ ಹಿಟ್ಟು. ಓಟ್ಸ್‌ನಲ್ಲಿ ಗ್ಲುಟನ್ ಇಲ್ಲದಿದ್ದರೂ ಗೋಧಿ ಜೊತೆ ಬೆರೆತಿರುತ್ತದೆ, ಮೊದಲ ಕೆಲವು ತಿಂಗಳು ಬಿಡಿ, ಆಮೇಲೆ ಡಾಕ್ಟರನ್ನು ಕೇಳಿ ಗ್ಲುಟನ್ ಫ್ರೀ ಗುರುತು ಇರುವುದನ್ನೇ ತಿನ್ನಿ. ಆ ಗುರುತು ಹಾಕಬೇಕಾದರೆ ನಮ್ಮ ದೇಶದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಮಿಗಿಂತ ಜಾಸ್ತಿ ಗ್ಲುಟನ್ ಇರಬಾರದು.

ಮಿಲ್ಲು, ತವಾ, ಲಟ್ಟಣಿಗೆ

ಎಲ್ಲ ಮಾಡಿದ ಮೇಲೂ ಹುಡುಗಿಯ ರಿಪೋರ್ಟಿನಲ್ಲಿ ಟಿಟಿಜಿ ಪೂರ್ತಿ ಇಳಿಯಲಿಲ್ಲ. ಕಾರಣ ಹಿಟ್ಟಿನ ಮಿಲ್ಲು. ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ಅಕ್ಕಿಯನ್ನೂ ಬೀಸುತ್ತಿದ್ದರು. ಮಿಲ್ಲಿನವರ ತಪ್ಪೇನಿಲ್ಲ, ನಾವು ಹೇಳಿರಲೇ ಇಲ್ಲ. ಸಾಧ್ಯವಾದರೆ ಮನೆಗೇ ಸಣ್ಣ ಮಿಲ್ಲು ತನ್ನಿ, ಅಕ್ಕಿ ತರಿಗೆ ಮಿಕ್ಸಿಯೇ ಸಾಕು. ಅದಾಗದಿದ್ದರೆ ಅಕ್ಕಿ, ರಾಗಿ ಮಾತ್ರ ಬೀಸುವ ಮಿಲ್ಲು ಹುಡುಕಿ. ಅದೂ ಇಲ್ಲದಿದ್ದರೆ ಗ್ಲುಟನ್ ಫ್ರೀ ಅಂತ ಬರೆದ ಅಕ್ಕಿ ಹಿಟ್ಟಿನ ಪ್ಯಾಕೆಟ್ ತನ್ನಿ, ಇದೊಂದಕ್ಕೆ ಮಾತ್ರ ದುಡ್ಡು ಕೊಟ್ಟರೆ ವ್ಯರ್ಥ ಅಲ್ಲ.

ಮನೆಯಲ್ಲಿ ಉಳಿದವರು ಚಪಾತಿ ತಿನ್ನುತ್ತಾರೆ ಅಂದರೆ ಲಟ್ಟಣಿಗೆ, ಮಣೆ, ಜರಡಿ ಬೇರೆ ಇಡಿ. ಮರದ್ದಕ್ಕೆ ಹಿಟ್ಟು ಅಂಟಿಕೊಂಡರೆ ತೊಳೆದರೂ ಹೋಗುವುದಿಲ್ಲ. ತವಾ ಕೂಡ ಬೇರೆಯೇ ಇರಲಿ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಅಕ್ಕನ ಮನೆಯಲ್ಲಿ ಕೊನೆಗೆ ರಾತ್ರಿ ಎಲ್ಲರಿಗೂ ಅಕ್ಕಿ ರೊಟ್ಟಿ ಅಂತ ಮಾಡಿದರು, ಅದೇ ಸುಲಭ ಆಯಿತು, ಮಗುವಿಗೂ ತಾನು ಬೇರೆ ಅನ್ನಿಸುವುದು ತಪ್ಪಿತು.

ಬರೀ ಅಕ್ಕಿ ಸಾಲದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗೋಧಿ ಬಿಟ್ಟ ತಕ್ಷಣ ತಟ್ಟೆ ತುಂಬಾ ಬಿಳಿ ಅಕ್ಕಿಯೇ ಆಗಿಬಿಡುತ್ತದೆ. ಬೆಳಿಗ್ಗೆ ಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ರೊಟ್ಟಿ. ಗ್ಲುಟನ್ ಇಲ್ಲ, ಸರಿ. ಆದರೆ ನಾರು ಕಮ್ಮಿಯಾಗಿ ಮಲಬದ್ಧತೆ ಬರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರುತ್ತದೆ. ಕರುಳು ವಾಸಿಯಾಗಿ ಊಟ ಮೈಗೆ ಹತ್ತಲು ಶುರುವಾದ ಮೇಲೆ ತೂಕವೂ ಬೇಡದಷ್ಟು ಏರಬಹುದು.

ದಿನಕ್ಕೆ ಒಂದು ಊಟ ರಾಗಿ ಮಾಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಸೀಲಿಯಾಕ್‌ನಲ್ಲಿ ಮೂಳೆ ಮೊದಲೇ ಸೊರಗಿರುತ್ತದೆ, ಹಾಗಾಗಿ ಇದು ದೊಡ್ಡ ವಿಷಯ. ಸೋಮವಾರಪೇಟೆ, ಕುಶಾಲನಗರದ ಕಡೆಯವರಿಗೆ ಮುದ್ದೆ ಹೊಸದಲ್ಲ, ದಕ್ಷಿಣ ಕೊಡಗಿನ ಮನೆಗಳಲ್ಲಿ ಮಕ್ಕಳು ಮುದ್ದೆ ಒಲ್ಲೆ ಅಂದರೆ ರಾಗಿ ದೋಸೆ, ರಾಗಿ ರೊಟ್ಟಿ ಮಾಡಿ. ನವಣೆ, ಸಾಮೆ, ಸಜ್ಜೆ ಕೂಡ ಆಗುತ್ತದೆ.

ಅಕ್ಕಿಯಲ್ಲೂ ಕುಚಲಕ್ಕಿ ಒಳ್ಳೆಯದು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತೌಡಿನಲ್ಲಿರುವ ಬಿ1 ವಿಟಮಿನ್ ಕಾಳಿನ ಒಳಗೆ ಇಳಿಯುತ್ತದೆ, ಪಾಲಿಶ್ ಮಾಡಿದರೂ ಒಂದಷ್ಟು ಉಳಿಯುತ್ತದೆ. ರೇಷನ್ ಅಕ್ಕಿಯಲ್ಲಿ ಅಲ್ಲಲ್ಲಿ ಬೇರೆ ಥರದ ಕಾಳು ಕಂಡರೆ ಪ್ಲಾಸ್ಟಿಕ್ ಅಂತ ಆರಿಸಿ ಎಸೆಯುವವರಿದ್ದಾರೆ. ದಯವಿಟ್ಟು ಎಸೆಯಬೇಡಿ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳು. ನಮ್ಮ ಹುಡುಗಿಗೆ ಕಮ್ಮಿ ಇದ್ದದ್ದೂ ಅವೇ ಮೂರು.

ಸೊಪ್ಪಿಗೆ ನಮ್ಮಲ್ಲಿ ಏನು ಬರ? ನುಗ್ಗೆ, ಕೆಸು, ಮಳೆಗಾಲದಲ್ಲಿ ತೆರ್ಮೆ (ಎಳೆ ಜರೀಗಿಡದ) ಸೊಪ್ಪು. ಹೆಸರುಕಾಳು, ಹುರುಳಿ, ಅಲಸಂದೆ ವಾರಕ್ಕೆ ನಾಲ್ಕು ದಿನವಾದರೂ ಬರಲಿ. ಊಟದ ಜೊತೆ ನಿಂಬೆರಸ ಅಥವಾ ತೋಟದ ಕಿತ್ತಳೆ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹೋಗುತ್ತದೆ. ಕಾಫಿ ಇದಕ್ಕೆ ಉಲ್ಟಾ, ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ. ಕಾಫಿ ಬಿಡಿ ಅಂತ ಕೊಡಗಿನವರಿಗೆ ನಾನು ಹೇಳುವುದಿಲ್ಲ, ಊಟ ಅಥವಾ ಕಬ್ಬಿಣದ ಮಾತ್ರೆಗೂ ಕಾಫಿಗೂ ನಡುವೆ ಕನಿಷ್ಠ ಒಂದು ಗಂಟೆ ಬಿಡಿ, ಸಾಕು.

ಶುರುವಿನ ಕೆಲವು ವಾರ ಹಾಲು ಕುಡಿದರೆ ಹೊಟ್ಟೆ ಕೆಡಬಹುದು. ಸವೆದ ಕರುಳಿಗೆ ಹಾಲಿನ ಸಕ್ಕರೆ ಜೀರ್ಣ ಆಗುವುದಿಲ್ಲ. ಮೊಸರು, ಮಜ್ಜಿಗೆ ಕೊಡಿ, ಕರುಳು ಸುಧಾರಿಸಿದ ಮೇಲೆ ಹಾಲು ಸಾಮಾನ್ಯವಾಗಿ ಒಗ್ಗುತ್ತದೆ.

ಕಾಯಿಲೆ ಇಲ್ಲದೆ ಬಿಡುವುದು

ತೂಕ ಇಳಿಸಲು, ಚರ್ಮ ಹೊಳೆಯಲು ಗ್ಲುಟನ್ ಬಿಡಬೇಕಾಗಿಲ್ಲ. ಬಿಟ್ಟು ತೂಕ ಇಳಿದಿದ್ದರೆ ಅದು ಬೇಕರಿ ಪಫ್ಸು, ಬಿಸ್ಕತ್ತು, ಪರೋಟ ನಿಂತದ್ದರಿಂದ. ಅವನ್ನಷ್ಟೇ ನಿಲ್ಲಿಸಿ, ಗೋಧಿ ಒಗ್ಗುವವರಿಗೆ ಚಪಾತಿ ಒಳ್ಳೆಯ ಊಟವೇ. ಅದರಲ್ಲಿ ನಾರು ಇದೆ, ಸುಮ್ನೆ ಕಳೆದುಕೊಳ್ಳಬೇಡಿ. ಮಕ್ಕಳ ಊಟದಿಂದಂತೂ ಡಾಕ್ಟರು ಹೇಳದೆ ಏನನ್ನೂ ತೆಗೆಯಬೇಡಿ.

ಮದುವೆ ಮನೆ, ಹೋಟೆಲ್, ಹೋಮ್‌ಸ್ಟೇ

ಮದುವೆಗೆ ಹೋದಾಗ ಮೊದಲ ಪಂಕ್ತಿಯಲ್ಲೇ ಕೂತುಬಿಡಿ, ಆಗ ಸೌಟುಗಳು ಇನ್ನೂ ಅದಲುಬದಲು ಆಗಿರುವುದಿಲ್ಲ. ಪಾಯಸ ಶ್ಯಾವಿಗೆಯದೋ, ಗೋಧಿಯದೋ, ಅಕ್ಕಿಯದೋ ಕೇಳಿ. ಹೋಟೆಲಿನ ಅಕ್ಕಿ ರೊಟ್ಟಿಗೆ ಮೆತ್ತಗೆ ಬರಲಿ ಅಂತ ಮೈದಾ ಸೇರಿಸುವವರಿದ್ದಾರೆ, ಉದುರಿಸುವ ಹಿಟ್ಟೂ ಮೈದಾ ಇರಬಹುದು. "ಗ್ಲುಟನ್ ಇದೆಯಾ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಇದಕ್ಕೆ ಮೈದಾ, ಗೋಧಿ, ರವೆ, ಸೋಯಾ ಸಾಸ್ ಏನಾದರೂ ಹಾಕಿದ್ದೀರಾ" ಅಂತ ಹೆಸರು ಹಿಡಿದೇ ಕೇಳಿ.

ಹೋಮ್‌ಸ್ಟೇ ನಡೆಸುವವರಿಗೂ ಒಂದು ಮಾತು. ಗ್ಲುಟನ್ ಫ್ರೀ ಬೇಕು ಅನ್ನುವ ಅತಿಥಿ ಬಂದರೆ ಗಾಬರಿ ಬೇಡ, ಕಾಯಿಲೆಯೋ ಇಷ್ಟವೋ ಅಂತ ನೇರವಾಗಿ ಕೇಳಿ. ಕಾಯಿಲೆ ಅಂದರೆ ನೂಲ್‌ಪುಟ್ಟು, ಕಡಂಬುಟ್ಟು, ಮನೆ ಮಸಾಲೆಯ ಕರಿ ಮಾಡಿ, ಅವರ ಅಡುಗೆ ಮೊದಲು ಮುಗಿಸಿ, ಮುಚ್ಚಿಟ್ಟು, ಆಮೇಲೆ ಉಳಿದವರ ಚಪಾತಿ ಹಿಟ್ಟು ತೆಗೆಯಿರಿ.

ಆಮೇಲೆ

ಗೋಧಿ ಬಿಟ್ಟು 6 ತಿಂಗಳಾದಾಗ ಒಮ್ಮೆ, ವರ್ಷವಾದಾಗ ಇನ್ನೊಮ್ಮೆ ಟಿಟಿಜಿ ನೋಡಿಸಿ. ಇಳಿಯುತ್ತಾ ಬರಬೇಕು. ಇಳಿಯದಿದ್ದರೆ ಗೋಧಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಅಂತ ಮೊದಲು ಹುಡುಕಿ, ನಾವು ಮಿಲ್ಲು ಪತ್ತೆ ಮಾಡಿದ್ದು ಹಾಗೇ. ಜೊತೆಗೆ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ನೋಡಿಸಿ. ಹೊಸ ಮಾತ್ರೆ ಬರೆದಾಗ ಕಾಯಿಲೆಯ ವಿಷಯ ಹೇಳಿ, ಕೆಲವು ಮಾತ್ರೆಗಳಲ್ಲಿ ಗೋಧಿಯ ಸ್ಟಾರ್ಚ್ ಇರುವುದುಂಟು.

ಒಬ್ಬರಿಗೆ ಸೀಲಿಯಾಕ್ ಬಂದರೆ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಒಂದು ಸಲವಾದರೂ ಟೆಸ್ಟ್ ಆಗಬೇಕು, ತೊಂದರೆ ಇಲ್ಲದಿದ್ದರೂ. ಅಕ್ಕ, ಭಾವ, ಚಿಕ್ಕವನು ಮೂವರೂ ಮಾಡಿಸಿದರು. ಮೂವರದೂ ನೆಗೆಟಿವ್ ಬಂತು. ಈ ಸಲ ಟೆಸ್ಟಿಗೆ ಹೋಗುವವರೆಗೂ ಅವರು ದಿನಾ ಚಪಾತಿ ತಿನ್ನುತ್ತಿದ್ದರು, ಹೊರಗೆ ಜಗಲಿಯಲ್ಲಿ ಕೂತು.